ಬಂಡೆಯ ಬುಡದಲ್ಲಿ ಮೂರು ಕೂಗು

ನನಗೆ ಜಂಬ ಸ್ವಲ್ಪ ಹೆಚ್ಚು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಹೇಳುವ ಕಷ್ಟ ಬೇಡ.

ಉತ್ತರದ ಕಡಲಿನ ನಮ್ಮ ಹ್ರೀಮೆ ದ್ವೀಪದಲ್ಲಿ ಒಂದು ಪದ್ಧತಿ ಇದೆ. ಚಳಿಗಾಲವೆಲ್ಲ ದೂರದ ಕಡಲಲ್ಲಿ ಮೀನು ಹಿಡಿದು ಮರಳುವ ದೋಣಿ ಬಂದರಿನ ಬಾಯಿಗೆ ಬಂದಾಗ ಮೂರು ಸಲ ಹಾರ್ನ್ ಊದುತ್ತದೆ. ದೋಣಿಯಲ್ಲಿ ಊರಿನವನು ಒಬ್ಬನೇ ಇದ್ದರೂ ಸರಿ, ಅವನಿಗೆ ಮೂರು ಕೂಗು. ಕೂಗು ಕೇಳಿದ ಮನೆಯವರು ಕಾಫಿಗೆ ನೀರಿಟ್ಟು ಬಂದರಿಗೆ ಇಳಿಯುತ್ತಾರೆ. ನನ್ನ ಅಣ್ಣ ಕೌರಿಗೆ ಹದಿನೇಳನೆಯ ವಯಸ್ಸಿನಿಂದ ವರ್ಷ ವರ್ಷ ಅದು ಸಿಕ್ಕಿತು. ನನಗೆ ಈಗ ಮೂವತ್ತೆಂಟು, ಒಂದು ಸಲವೂ ಇಲ್ಲ. ನಾನು ಊರಿಗೆ ಬರುವುದು ಫೆರಿಯಲ್ಲಿ, ಕುರಿಮೇವಿನ ಮೂಟೆಗಳ ಜೊತೆ. ಫೆರಿ ಯಾರಿಗೂ ಕೂಗುವುದಿಲ್ಲ.

ಇನ್ನೊಂದು ಪದ್ಧತಿಯೂ ಇದೆ. ಅದನ್ನು ಪದ್ಧತಿ ಎಂದು ಕರೆಯಲು ಕೂಡ ಆಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ವಸಂತದಲ್ಲಿ ಕರಿಹಕ್ಕಿಗಳು ಪೂರ್ವದ ಬಂಡೆಗೆ ಬಂದ ದಿನದಿಂದ ಅವುಗಳ ಮರಿಗಳು ಕಡಲಿಗೆ ಹಾರುವ ದಿನದವರೆಗೆ ಆ ಬಂಡೆಯ ಹತ್ತಿರ ಯಾರೂ ಗುಂಡು ಹಾರಿಸುವುದಿಲ್ಲ, ಹಾರ್ನ್ ಊದುವುದಿಲ್ಲ. ಊದಿದರೆ ಸಾವಿರಾರು ಹಕ್ಕಿ ಒಮ್ಮೆಗೇ ಏಳುತ್ತವೆ. ಅವು ಎದ್ದ ರಭಸಕ್ಕೆ ಮೊಟ್ಟೆಗಳು ಉರುಳುತ್ತವೆ, ಸಡಿಲವಾದ ಕಲ್ಲುಗಳೂ ಉರುಳುತ್ತವೆ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಒಬ್ಬರಿಗೂ ಉತ್ತರ ಗೊತ್ತಿಲ್ಲ.

ಆ ವರ್ಷ ನನಗೆ ಒಂದು ಪ್ರವಾಸಿ ಹಡಗಿನಲ್ಲಿ ಕೆಲಸ ಸಿಕ್ಕಿತ್ತು. ದೊಡ್ಡ ಹಡಗಲ್ಲ, ತೊಂಬತ್ತು ಜನ ಪ್ರವಾಸಿಗಳು. ಒಂಬತ್ತು ದಿನದಲ್ಲಿ ಸುತ್ತ ಕಡಲಿರುವ ನಮ್ಮ ದೇಶವನ್ನು ಒಂದು ಸುತ್ತು ಹಾಕಿಸಿ, ದೊಡ್ಡ ಹಡಗುಗಳು ಹೋಗಲಾರದ ಕಡೆಗಳಲ್ಲಿ ರಬ್ಬರ್ ದೋಣಿ ಇಳಿಸಿ, ಜ್ವಾಲಾಮುಖಿ ಉಗುಳಿದ ಕಲ್ಲು, ಹಕ್ಕಿ, ತಿಮಿಂಗಿಲ ತೋರಿಸಿ ತರುವುದು ನಮ್ಮ ಕೆಲಸ. ದೋಣಿ ನಡೆಸುವುದೂ ನಾನೇ, ವಿವರಿಸುವುದೂ ನಾನೇ. ಕಾರ್ಯಕ್ರಮದ ಪಟ್ಟಿಯಲ್ಲಿ ಆರನೆಯ ದಿನ ಹ್ರೀಮೆ ಎಂದು ಕಂಡಾಗಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಮೀನುದೋಣಿಯಲ್ಲ, ಒಂದು ಇಡೀ ಹಡಗು ನನಗಾಗಿ ಮೂರು ಸಲ ಕೂಗಬೇಕು. ಕೌರಿ ಬಂದರಿನಲ್ಲಿ ನಿಂತು ಕೇಳಬೇಕು.

ಹ್ರೀಮೆ ತಲುಪುವ ಹಿಂದಿನ ದಿನ ಕೌರಿಗೆ ಫೋನ್ ಮಾಡಿದ್ದೆ. ಅವನು ಎಂದಿನಂತೆ ಕಾಲೆಳೆದ.

"ಏನಮ್ಮಾ, ಟೂರಿಸ್ಟಾಗಿ ಬರ್ತಾ ಇದ್ದೀಯಂತೆ? ನಮ್ಮನೆ ಎಲ್ಲಿದೆ ಅಂತ ನೆನಪಿದೆಯಾ, ಇಲ್ಲ ಮ್ಯಾಪ್ ಕಳಿಸ್ಲಾ?"

"ನೀನೇನೂ ಕಳಿಸ್ಬೇಡ. ಸುಮ್ಮನೆ ಮಧ್ಯಾಹ್ನ ಬಂದರಿಗೆ ಬಾ. ಬರ್ತೀಯಲ್ಲ?"

"ಊರಿಗೆ ಬಂದವಳು ನೀರಿಗೆ ಬರಲ್ವಾ? ನೀನೇ ಮನೆಗೆ ಬಾ. ನನಗೆ ಕೆಲಸ ಇದೆ."

ಏನು ಕೆಲಸ ಎಂದು ನಾನು ಕೇಳಲಿಲ್ಲ. ಹಡಗು ಕೂಗುವ ವಿಷಯ ಅವನಿಗೆ ಮೊದಲೇ ತಿಳಿಯಬಾರದು ಎಂಬ ಆತುರದಲ್ಲಿ ಬೇಗ ಫೋನ್ ಇಟ್ಟೆ. ಮೊಟ್ಟೆ ತೆಗೆಯಲು ಪೂರ್ವದ ಬಂಡೆಗೆ ಇಳಿಯುವ ಕೆಲಸ ನಮ್ಮಲ್ಲಿ ಜೂನ್ ಮೊದಲ ವಾರಕ್ಕೆ ಮುಗಿಯುತ್ತದೆ. ಅಂದು ಹನ್ನೊಂದನೆಯ ತಾರೀಖು, ಅದೆಲ್ಲ ಮುಗಿದಿರುತ್ತದೆ ಎಂದುಕೊಂಡಿದ್ದೆ. ಈ ವರ್ಷ ಗಾಳಿ ಬಿಡದೆ ಬೀಸಿ ಎಲ್ಲರ ಕೆಲಸ ಒಂದು ವಾರ ಹಿಂದೆ ಬಿದ್ದಿತ್ತು ಎಂಬುದು ಊರಲ್ಲಿ ಇದ್ದವರಿಗೆ ಗೊತ್ತು. ನಾನು ಊರಲ್ಲಿ ಇದ್ದವಳಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಕ್ಯಾಪ್ಟನ್ ಯೂರಿಸ್‌ನನ್ನು ಹಿಡಿದೆ. ಬೆಲ್ಜಿಯಂ ದೇಶದವನು, ಅರವತ್ತರ ಹತ್ತಿರ, ಒಳ್ಳೆಯ ಮನುಷ್ಯ. ಅವನಿಗೆ ಒಂದೇ ದೌರ್ಬಲ್ಯ, ಮಾತು. ಒಂದು ತಿಮಿಂಗಿಲ ಕಂಡರೂ ಪ್ರವಾಸಿಗಳಿಗೆ ಕಾಲು ಗಂಟೆ ಭಾಷಣ ಮಾಡುತ್ತಿದ್ದ. ನಮ್ಮೂರಿನ ಪದ್ಧತಿ ಹೀಗೆ, ನಾವು ನನ್ನ ಊರಿನ ಹತ್ತಿರ ಹೋಗುವಾಗ ಮೂರು ಸಲ ಹಾರ್ನ್ ಊದಿಸಲು ಆಗುತ್ತದೆಯೇ ಎಂದು ಕೇಳಿದೆ. ಅವನ ಮುಖ ಅರಳಿತು. ಇಷ್ಟು ದಿನ ನೀನು ನನ್ನಲ್ಲಿ ಏನನ್ನೂ ಕೇಳಿಲ್ಲ, ಇದನ್ನು ಖಂಡಿತ ಮಾಡುತ್ತೇನೆ ಎಂದ.

ನನ್ನ ಊರಿನ ಹತ್ತಿರ ಎಂದೆ. ಎಲ್ಲಿ ಎಂದು ಹೇಳಲಿಲ್ಲ. ನಮ್ಮವರಿಗೆ ಅದನ್ನು ಹೇಳಬೇಕಾಗಿಯೇ ಇಲ್ಲ. ಬಂದರಿನ ಬಾಯಿ ಬಿಟ್ಟು ಬೇರೆ ಎಲ್ಲಾದರೂ ಕೂಗಿಸಬಹುದು ಎಂಬ ಯೋಚನೆ ನಮ್ಮ ದ್ವೀಪದ ಅರವತ್ತು ಚಿಲ್ಲರೆ ಜನರಲ್ಲಿ ಯಾರ ತಲೆಗೂ ಬರುವುದಿಲ್ಲ. ಬೆಲ್ಜಿಯಂನವನ ತಲೆಗೆ ಏನು ಬರಬಹುದು ಎಂದು ನಾನು ಯೋಚಿಸಬೇಕಿತ್ತು. ಆರು ದಿನದಿಂದ ಹೊರಗಿನವರಿಗೆ ಹೊರಗಿನವರ ಕಣ್ಣಿಂದಲೇ ಎಲ್ಲವನ್ನೂ ವಿವರಿಸುತ್ತ ಬಂದವಳು, ನನ್ನ ಮನೆಯ ಮಾತು ಬಂದಾಗ ಮಾತ್ರ ಮನೆಯವಳಾಗಿಬಿಟ್ಟೆ.

ಹ್ರೀಮೆ ಸಮೀಪಿಸುವಾಗ ದಕ್ಷಿಣಕ್ಕೆ, ಬಂದರಿನ ಕಡೆ, ದಟ್ಟ ಮಂಜು ಕವಿದಿತ್ತು. ಪೂರ್ವದ ಕಡೆ ಬಿಸಿಲು. ಹಾಗಾಗಿ ಕಾರ್ಯಕ್ರಮ ಬದಲಾಯಿಸಿದರು. ಮೊದಲು ಬಂಡೆ, ಮಂಜು ಕರಗಿದ ಮೇಲೆ ಬಂದರು. ಇಂಥ ಬದಲಾವಣೆಗಳು ನಮ್ಮ ಕೆಲಸದಲ್ಲಿ ದಿನಕ್ಕೆ ಎರಡಾದರೂ ಇರುತ್ತವೆ. ನಾನು ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ.

ಹತ್ತು ಜನರನ್ನು ಕೂರಿಸಿಕೊಂಡು ನನ್ನ ದೋಣಿ ಮುಂದೆ ಹೊರಟಿತು. ಉಳಿದ ಐದು ದೋಣಿಗಳು ಹಿಂದೆ. ಹಡಗು ಬಂಡೆಗೆ ಎದುರಾಗಿ ಸ್ವಲ್ಪ ದೂರದಲ್ಲೇ ನಿಂತಿತ್ತು. ಪೂರ್ವದ ಬಂಡೆ ಎಂದರೆ ನೂರು ಮೀಟರ್ ಎತ್ತರದ ಕಪ್ಪು ಗೋಡೆ, ಸೀಳಿ ನಿಲ್ಲಿಸಿದ ಕಂಬಗಳ ಹಾಗೆ. ಕಂಬ ಕಂಬದ ನಡುವೆ, ಅಂಗೈಯಗಲ ಜಾಗ ಸಿಕ್ಕಲ್ಲೆಲ್ಲ ಹಕ್ಕಿ. ಅವುಗಳ ಗದ್ದಲದಲ್ಲಿ ಪಕ್ಕದವರ ಜೊತೆಯೂ ಕೂಗಿಯೇ ಮಾತಾಡಬೇಕು. ನಾನು ಎಂಜಿನ್ ನಿಧಾನ ಮಾಡಿ ಬಂಡೆಯ ಬುಡಕ್ಕೆ ಸರಿದೆ.

ಆಗ ಹಗ್ಗ ಕಂಡಿತು. ಮೇಲಿನಿಂದ ನೇರ ಇಳಿದಿತ್ತು. ಹಗ್ಗದ ತುದಿಯಲ್ಲಿ, ಬಂಡೆಯ ಮಧ್ಯಕ್ಕೆ, ಕೆಂಪು ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ. ದೊಗಲೆ ಅಂಗಿಯ ಎದೆಯೊಳಗೆ ಮೊಟ್ಟೆ ತುಂಬಿಕೊಂಡು ಬಸುರಿಯ ಹಾಗೆ ಕಾಣುತ್ತಿದ್ದ. ಎಡಗಾಲಿನಿಂದ ಬಂಡೆಯನ್ನು ಒದ್ದು ಪಕ್ಕದ ಸಾಲಿಗೆ ಜೀಕಿದ. ಎಡಗಾಲಿನಲ್ಲಿ ಒದೆಯುವವನು ನಮ್ಮೂರಲ್ಲಿ ಒಬ್ಬನೇ, ಕೌರಿ. ಅವನು ಮಧ್ಯಾಹ್ನ ಇದೆ ಎಂದಿದ್ದ ಕೆಲಸ ಬೆಳಿಗ್ಗೆಯೇ ಶುರುವಾಗಿತ್ತು.

ನನಗೆ ನಗು ಬಂತು. ದೋಣಿಯಲ್ಲಿದ್ದ ಒಬ್ಬ ಫ್ರೆಂಚ್ ಹೆಂಗಸು, ನಿವೃತ್ತ ದಂತವೈದ್ಯೆ, ಇದು ನಮಗಾಗಿ ಏರ್ಪಡಿಸಿದ ಪ್ರದರ್ಶನವೇ ಎಂದು ಕೇಳಿದಳು. ಅಲ್ಲ, ಅದು ನನ್ನ ಅಣ್ಣ, ಅವನಿಗೆ ಪ್ರದರ್ಶನ ಕೊಡುವಷ್ಟು ಪುರುಸೊತ್ತು ಇಲ್ಲ ಎಂದೆ. ಎಲ್ಲರೂ ನಕ್ಕರು, ಕ್ಯಾಮೆರಾ ಮೇಲೆತ್ತಿದರು. ಮೇಲೆ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡುತ್ತಿದ್ದವನು ನೆರೆಮನೆಯ ಸ್ನೋರಿ. ಅವನ ಹಿಂದೆ, ನಮಗೆ ಕಾಣದ ಕಡೆ, ಹಗ್ಗ ಕಟ್ಟಿದ ಟ್ರ್ಯಾಕ್ಟರ್ ಇರುತ್ತದೆ. ಟ್ರ್ಯಾಕ್ಟರ್ ಮೇಲೆ ಅಪ್ಪ. ಸ್ನೋರಿ ಕೈ ಎತ್ತಿದರೆ ಅಪ್ಪ ಮುಂದಕ್ಕೆ ನಡೆಸುತ್ತಾರೆ, ಹಗ್ಗ ಮೇಲೆ ಬರುತ್ತದೆ. ನಮ್ಮ ಮನೆಯ ಮೂರು ಜನ ಒಂದೇ ಗೆರೆಯಲ್ಲಿ ಇದ್ದೆವು, ಮೇಲೆ ಅಪ್ಪ, ನಡುವೆ ಅಣ್ಣ, ಕೆಳಗೆ ನಾನು. ಸಂತೋಷವಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು.

ಅಷ್ಟರಲ್ಲಿ ನನ್ನ ಎದೆಯ ಮೇಲೆ ಸಿಕ್ಕಿಸಿಕೊಂಡಿದ್ದ ರೇಡಿಯೋದಲ್ಲಿ ಯೂರಿಸ್‌ನ ಧ್ವನಿ ಬಂತು. ಪ್ರಿಯ ಅತಿಥಿಗಳೇ, ಎಂದು ಶುರುಮಾಡಿದ. ಈ ದಿನ ವಿಶೇಷವಾದದ್ದು. ನಮ್ಮ ಸ್ವಾನಾ ಹುಟ್ಟಿದ್ದು ಇದೇ ದ್ವೀಪದಲ್ಲಿ. ಇವರ ಊರಿನಲ್ಲಿ ಒಂದು ಸುಂದರವಾದ ಪದ್ಧತಿ ಇದೆ.

ಅವನು ಇಲ್ಲೇ ಊದಿಸಲು ಹೊರಟಿದ್ದ. ಕೂಡಲೇ ಬಟನ್ ಒತ್ತಿ, ಬೇಡ, ಇಲ್ಲಿ ಬೇಡ, ನಿಲ್ಲಿಸಿ ಎಂದೆ. ಬಟನ್ ಬಿಟ್ಟು ಕೇಳಿದರೆ ಅವನು ಇನ್ನೂ ಮಾತಾಡುತ್ತಲೇ ಇದ್ದ. ಆ ರೇಡಿಯೋಗಳು ಹಾಗೆಯೇ. ಒಬ್ಬ ಒತ್ತಿ ಹಿಡಿದಿದ್ದರೆ ಇನ್ನೊಬ್ಬರ ಮಾತು ಅವನಿಗೆ ಕೇಳುವುದಿಲ್ಲ. ಅವನು ಉಸಿರು ತೆಗೆದುಕೊಳ್ಳಲು ಬಿಟ್ಟಾಗಲಾದರೂ ನುಗ್ಗೋಣ ಎಂದರೆ ಆ ಮಹಾನುಭಾವ ಉಸಿರನ್ನೂ ಬಟನ್ ಒತ್ತಿಯೇ ತೆಗೆದುಕೊಳ್ಳುತ್ತಿದ್ದ.

ನಾನು ಮತ್ತೆ ಒತ್ತಿದೆ, ಕಿರುಚಿದೆ. ಮತ್ತೆ ಬಿಟ್ಟೆ. ಸ್ವಾನಾ ಇಷ್ಟು ದಿನದಲ್ಲಿ ನನ್ನಲ್ಲಿ ಕೇಳಿದ್ದು ಇದೊಂದೇ, ಎನ್ನುತ್ತಿದ್ದ. ಮತ್ತೆ ಒತ್ತಿದೆ. ದೋಣಿಯಲ್ಲಿದ್ದ ಹತ್ತೂ ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ನನ್ನ ಕಿರುಚಾಟದ ಅರ್ಥ ತಿಳಿಯದೆ, ನಾನು ಸಂತೋಷದಿಂದ ಅಳುತ್ತಿದ್ದೇನೆ ಎಂದುಕೊಂಡರು. ದಂತವೈದ್ಯೆ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಲೈಫ್ ಜಾಕೆಟ್ಟಿಗೂ ನನ್ನ ಲೈಫ್ ಜಾಕೆಟ್ಟಿಗೂ ನಡುವೆ ರೇಡಿಯೋ ಸಿಕ್ಕಿಕೊಂಡಿತು. ಅವಳನ್ನು ತಳ್ಳಿದೆ. ಪಾಪ, ಹಿಂದಕ್ಕೆ ಬಿದ್ದಳು.

ರೇಡಿಯೋ ಬಿಟ್ಟು ಎದ್ದು ನಿಂತು ಎರಡು ಕೈಯನ್ನೂ ಎತ್ತಿ ಕೌರಿಯ ಕಡೆ ಬೀಸಿದೆ. ಬಂಡೆಗೆ ಅಂಟಿಕೋ, ತಲೆ ಒಳಗೆ ಹಾಕು ಎಂದು ಕೂಗಿದೆ. ಹಕ್ಕಿಗಳ ಗದ್ದಲದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಆದರೆ ಅವನು ಕೆಳಗೆ ನೋಡಿದ. ನನ್ನನ್ನು ಗುರುತಿಸಿದ. ಹಗ್ಗದಿಂದ ಒಂದು ಕೈ ಬಿಡಿಸಿ, ಮೈಯನ್ನು ಬಂಡೆಯಿಂದ ಹೊರಕ್ಕೆ ಬಾಗಿಸಿ, ನನ್ನ ಹಾಗೆಯೇ ಅಗಲವಾಗಿ ಕೈಬೀಸಿದ.

ಆಗ ಹಡಗು ಕೂಗಿತು.

ಮೊದಲ ಕೂಗಿಗೆ ಬಂಡೆಯೇ ಕಳಚಿ ಬಂದಂತೆ ಹಕ್ಕಿಗಳು ಎದ್ದವು. ಬಿಸಿಲು ಮಾಯವಾಯಿತು. ಎರಡನೆಯ ಕೂಗಿಗೆ ನೀಲಿ, ಹಸಿರು ಮೊಟ್ಟೆಗಳು ನಮ್ಮ ಸುತ್ತ ನೀರಿಗೆ ಬೀಳತೊಡಗಿದವು, ಅವುಗಳ ಹಿಂದೆ ಕಲ್ಲು. ಮೂರನೆಯ ಕೂಗಿನ ಹೊತ್ತಿಗೆ ನಾನು ಕೌರಿಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಕುಂಬಳಕಾಯಿ ಗಾತ್ರದ ಒಂದು ಕಲ್ಲು ಮೇಲಿನ ಸಾಲಿಗೆ ತಾಗಿ ದಿಕ್ಕು ಬದಲಿಸಿ ಅವನ ಕುತ್ತಿಗೆಗೂ ಭುಜಕ್ಕೂ ನಡುವೆ ಬಿತ್ತು. ಎತ್ತಿದ್ದ ಕೈ ಕೆಳಗೆ ಬಿತ್ತು. ಅವನು ಹಗ್ಗದಲ್ಲಿ ನಿಧಾನವಾಗಿ ಸುತ್ತಿದ. ಎದೆಯೆಲ್ಲ ಹಳದಿಯಾಗಿತ್ತು. ಮೊಟ್ಟೆ ಒಡೆದಿದೆ ಅಷ್ಟೇ, ಮೊಟ್ಟೆ ಒಡೆದಿದೆ ಅಷ್ಟೇ ಎಂದು ನಾನು ಹೇಳಿಕೊಂಡೆ. ಇನ್ನೊಂದು ಸುತ್ತು ತಿರುಗಿ ಬಂದಾಗ ಹಳದಿಯ ನಡುವೆ ಕೆಂಪು ಇಳಿದಿತ್ತು.

ಕಲ್ಲುಗಳು ಇನ್ನೂ ಬೀಳುತ್ತಿದ್ದವು. ದೋಣಿಯಲ್ಲಿ ಹತ್ತು ಜನ. ಅವರನ್ನು ಮೊದಲು ದೂರ ಒಯ್ಯಬೇಕು, ಅದು ನಿಯಮ. ಅದು ಸರಿಯೂ ಹೌದು. ಆ ಬಂಡೆಯ ಬುಡದಲ್ಲಿ ಇಳಿಯಲು ಜಾಗವಿಲ್ಲ, ಹತ್ತಲು ದಾರಿಯಿಲ್ಲ, ನಾನು ಅಲ್ಲೇ ನಿಂತಿದ್ದರೂ ಅವನಿಗೆ ಏನೂ ಉಪಯೋಗವಾಗುತ್ತಿರಲಿಲ್ಲ. ಇದೆಲ್ಲ ಗೊತ್ತಿದ್ದೇ ನನ್ನ ಕೈಯಾರೆ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿದೆ. ನನ್ನ ಅಣ್ಣನಿಂದ ನಾನೇ ದೋಣಿಯನ್ನು ದೂರ ತಂದೆ. ಮೇಲೆ ಸ್ನೋರಿ ಎರಡೂ ಕೈ ಎತ್ತಿದ್ದು ಕಂಡಿತು. ಹಗ್ಗ ಮೇಲಕ್ಕೆ ಸರಿಯತೊಡಗಿತು. ಅಪ್ಪ ಟ್ರ್ಯಾಕ್ಟರನ್ನು ಎಂದಿನ ನಿಧಾನದಲ್ಲೇ ನಡೆಸುತ್ತಿದ್ದರು. ಅವಸರ ಮಾಡಿದರೆ ಹಗ್ಗ ಕಲ್ಲಿಗೆ ಉಜ್ಜಿ ಹರಿಯುತ್ತದೆ. ಬೇಗ ಅಪ್ಪಾ ಎಂದೂ ಹೇಳುವ ಹಾಗಿಲ್ಲ, ನಿಧಾನ ಅಪ್ಪಾ ಎಂದೂ ಹೇಳುವ ಹಾಗಿಲ್ಲ. ನಾನು ಸುಮ್ಮನೆ ತಲೆಯೆತ್ತಿ ನೋಡಿದೆ. ಆ ಐವತ್ತು ಮೀಟರಿಗೆ ಹತ್ತು ನಿಮಿಷ ಹಿಡಿಯಿತು.

ಆ ಹೊತ್ತಿಗೆ ರೇಡಿಯೋ ಬಿಡುವಾಗಿತ್ತು. ಕೇಳಿಸಿತಾ ಸ್ವಾನಾ, ಖುಷಿಯಾಯಿತಾ ಎಂದು ಯೂರಿಸ್ ಕೇಳುತ್ತಿದ್ದ. ಈಗ ಬಟನ್ ಒತ್ತಿದರೆ ನನ್ನ ಮಾತು ಸಲೀಸಾಗಿ ಹೋಗುತ್ತಿತ್ತು. ಬಂಡೆಯಲ್ಲಿ ಇದ್ದವನಿಗೆ ಕಲ್ಲು ಬಿದ್ದಿದೆ, ಹೆಲಿಕಾಪ್ಟರ್ ಕರೆಸಿ ಎಂದೆ. ಯಾರಿಗೆ ಎಂದು ಹೇಳಲು ನಾಲಿಗೆ ಬರಲಿಲ್ಲ.

ಹೆಲಿಕಾಪ್ಟರ್ ಬಂತು. ಬಂದಿದ್ದು ಕೇಳಿಸಿತು, ಕಾಣಿಸಲಿಲ್ಲ. ಬೆಳಿಗ್ಗೆ ದಕ್ಷಿಣದಲ್ಲಿದ್ದ ಮಂಜು ಅಷ್ಟರಲ್ಲಿ ದ್ವೀಪದ ಮೇಲೆಲ್ಲ ಹತ್ತಿತ್ತು. ನನ್ನನ್ನು ಬಂದರಿಗೆ ತಂದು ಬಿಟ್ಟಾಗ ಊರಿನವರೆಲ್ಲ ಚರ್ಚಿನ ಪಕ್ಕದ ಬಯಲಿನಲ್ಲಿ ಸೇರಿದ್ದರು. ಇದ್ದ ಕಾರು, ಟ್ರ್ಯಾಕ್ಟರುಗಳನ್ನೆಲ್ಲ ಸುತ್ತ ನಿಲ್ಲಿಸಿ ದೀಪ ಹಾಕಿದ್ದರು. ನಡುವೆ ಒಂದು ಬಾಗಿಲ ಹಲಗೆಯ ಮೇಲೆ ಕೌರಿ, ಅವನ ಮೇಲೆ ಅಪ್ಪನ ಕೋಟು. ಅತ್ತಿಗೆ ಹೆರ್ದಿಸ್ ಅವನ ತಲೆಯನ್ನು ಎರಡು ಕೈಯಲ್ಲಿ ಅಲುಗದಂತೆ ಹಿಡಿದುಕೊಂಡು ಮಂಡಿಯೂರಿದ್ದಳು. ಹೆಲಿಕಾಪ್ಟರ್ ನಮ್ಮ ತಲೆಯ ಮೇಲೆ ಸುತ್ತುತ್ತಲೇ ಇತ್ತು. ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಮತ್ತೆ ಹತ್ತಿರ ಬರುತ್ತಿತ್ತು. ವೈದ್ಯರು ಅದರೊಳಗೆ ಕೂತಿದ್ದರು, ನಮ್ಮಿಂದ ನೂರು ಮೀಟರ್ ಮೇಲೆ. ಅರವತ್ತು ಜನ ಮುಖವೆತ್ತಿ ಬಿಳಿಯ ಮಂಜನ್ನು ನೋಡುತ್ತ ನಿಂತಿದ್ದೆವು.

ಮುಕ್ಕಾಲು ಗಂಟೆಯ ನಂತರ ಒಂದು ಕಡೆ ಮಂಜು ಹರಿದು ಅದು ಇಳಿಯಿತು. ಅದಕ್ಕೆ ಸ್ವಲ್ಪ ಮುಂಚೆ ಹೆರ್ದಿಸ್ ಕೈ ತೆಗೆದಿದ್ದಳು. ಇನ್ನು ಹಿಡಿದಿರಬೇಕಾದ ಅಗತ್ಯ ಇರಲಿಲ್ಲ.

ಸಂಜೆ ಯೂರಿಸ್ ದಡಕ್ಕೆ ಬಂದ. ಟೋಪಿ ಕೈಯಲ್ಲಿ ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತ. ಊದಿಸಿದ್ದು ನಾನು, ಜವಾಬ್ದಾರಿ ನನ್ನದು, ವರದಿಯಲ್ಲೂ ಹಾಗೇ ಬರೆದಿದ್ದೇನೆ ಎಂದು ಅಪ್ಪನಿಗೆ ಹೇಳಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಅವನು ಮಾತಿನ ಮನುಷ್ಯ, ಆದರೂ ಹೇಳಬಹುದಾಗಿದ್ದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅಪ್ಪ ಬಹಳ ಹೊತ್ತು ಅವನನ್ನು ನೋಡಿದರು.

"ನೀವು ಪರದೇಶದವರು," ಎಂದರು. "ನಿಮಗೆ ಹೇಗೆ ಗೊತ್ತಾಗ್ಬೇಕು."

ಆಗಲೇ ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. ಗಾಳಿ ಹೊಕ್ಕಿತು, ಮಾತು ಹೊರಡಲಿಲ್ಲ. ಯೂರಿಸ್ ತಲೆಬಾಗಿ ಹೊರಟುಹೋದ. ಹಡಗು ಪ್ರವಾಸಿಗಳನ್ನು ಇಟ್ಟುಕೊಂಡು ಕಾಯುವಂತಿರಲಿಲ್ಲ, ಅಂದೇ ಹೊರಟಿತು. ನಾನು ಉಳಿದೆ.

ನಾಲ್ಕು ದಿನ ಮನೆಗೆ ಜನ ಬಂದರು. ನಮ್ಮಲ್ಲಿ ಸಾವಿನ ಮನೆಗೆ ಬರಿಗೈಯಲ್ಲಿ ಬರುವುದಿಲ್ಲ. ಕೇಕು, ಕರಿದ ತಿಂಡಿ, ಹೊಗೆಯಾಡಿಸಿದ ಕುರಿಮಾಂಸ ಇಟ್ಟ ರೊಟ್ಟಿ. ಮೇಜಿನ ಮೇಲೆ ಜಾಗ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಇಟ್ಟೆವು. ಬಂದವರೆಲ್ಲ ಆ ಕ್ಯಾಪ್ಟನ್‌ಗೆ ಶಾಪ ಹಾಕಿದರು. ಹೊರಗಿನವರಿಗೆ ಬುದ್ಧಿ ಇಲ್ಲ, ಇನ್ನು ಆ ಹಡಗುಗಳನ್ನು ಹತ್ತಿರ ಬಿಡಬಾರದು ಎಂದರು. ಪ್ರತಿ ಸಲವೂ ನಿರ್ಧಾರ ಮಾಡುತ್ತಿದ್ದೆ, ಈಗ ಹೇಳುತ್ತೇನೆ ಎಂದು.

ಒಮ್ಮೆ, ಆ ಹಾರ್ನ್ ವಿಷಯ, ಎಂದು ಶುರುಮಾಡಿದೆ. ಗುನ್‌ವೋರ್ ಚಿಕ್ಕಮ್ಮ ನನ್ನ ಕೈಗೆ ಕೇಕಿನ ತಟ್ಟೆ ಕೊಟ್ಟು, ತಿನ್ನು, ಮುಖ ನೋಡು ಹೇಗಾಗಿದೆ ಎಂದಳು. ಇನ್ನೊಮ್ಮೆ ಸ್ನೋರಿಯ ಮುಂದೆ, ನಾನೇ, ಎಂಬುದರವರೆಗೆ ಬಂದೆ. ಅವನು ಎದ್ದು, ಹೊರಗೆ ಗೇಟು ಬಡಿದುಕೊಳ್ಳುತ್ತಿದೆ, ಕಟ್ಟಿ ಬರುತ್ತೇನೆ ಎಂದು ಹೋದ. ಗೇಟು ಬಡಿದುಕೊಳ್ಳುತ್ತಿರಲಿಲ್ಲ. ನನ್ನ ದುಃಖ ನೋಡಲಾರದೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ. ಎಂಥ ಒಳ್ಳೆಯ ಜನ, ಇಂಥವರ ಮುಂದೆ ಕಳ್ಳಿಯ ಹಾಗೆ ಕೂತಿದ್ದೇನಲ್ಲ ಎಂದು ಇನ್ನಷ್ಟು ಕುಗ್ಗಿದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನನಗೆ ಉಣ್ಣಲು ಕೇಕು ಕೊಡುತ್ತಿದ್ದರು.

ಮಣ್ಣು ಮಾಡಿದ ದಿನ ಸಂಜೆ ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಾನೂ ಹೆರ್ದಿಸ್‌ಳೂ ಮಾತ್ರ ಉಳಿದೆವು. ಅಪ್ಪ ಹೊರಗೆ ಕುರಿ ಕೊಟ್ಟಿಗೆಯಲ್ಲಿದ್ದರು. ಕೌರಿಯ ಐದು ವರ್ಷದ ಮಗಳು ಒಳಗೆ ಮಲಗಿದ್ದಳು. ಹೆರ್ದಿಸ್ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ಇವಳಿಗೆ ಹೇಳದೆ ಇನ್ನೊಂದು ದಿನ ಈ ಮನೆಯ ಅನ್ನ ತಿನ್ನಲಾರೆ ಎನಿಸಿತು.

"ಹೆರ್ದಿಸ್, ಒಂದು ಮಾತು ಹೇಳ್ಬೇಕು. ಆ ಕ್ಯಾಪ್ಟನ್ ತಾನಾಗೇ ಊದಿಸಿದ್ದಲ್ಲ."

ಅವಳು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಎಂದಳು.

ನನ್ನ ಕೈಯಲ್ಲಿದ್ದ ತಟ್ಟೆ ಹಾಗೆಯೇ ಉಳಿಯಿತು.

"ನಿನ್ನ ಹೆಸರು ಬಹಳ ಸ್ಪಷ್ಟವಾಗಿ ಹೇಳಿದ," ಎಂದಳು. ಒದ್ದೆ ಕೈಯಿಂದ ಕಿಟಕಿಯ ಮೇಲಿನ ಗೂಡನ್ನು ತೋರಿಸಿದಳು. ಅಲ್ಲಿ ಅವರ ಮೀನುದೋಣಿಯ ಹಳೆಯ ರೇಡಿಯೋ ಇತ್ತು. ನಮ್ಮ ಊರಿನ ಪ್ರತಿ ಅಡುಗೆಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಯಾವ ದೋಣಿ ಎಲ್ಲಿದೆ, ಯಾರು ಊಟಕ್ಕೆ ಬರುತ್ತಾರೆ ಎಂದು ತಿಳಿಯಲು. "ನಮ್ಮ ಚಾನೆಲ್‌ನಲ್ಲೇ ಮಾತಾಡ್ತಿದ್ದ ಆ ಮನುಷ್ಯ. ಊರಿಗೆ ಊರೇ ಕೇಳಿಸ್ಕೊಂಡಿದೆ. ಬಂಡೆಯ ಮೇಲೆ ಇದ್ದವರನ್ನ ಬಿಟ್ಟು."

ಗುನ್‌ವೋರ್ ಚಿಕ್ಕಮ್ಮನ ಕೇಕು, ಸ್ನೋರಿಯ ಗೇಟು, ಎಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ಕುರ್ಚಿ ಎಳೆದುಕೊಂಡು ಕೂತೆ.

"ನಾನು ಬೇಡ ಅಂತ ಕೂಗಿದೆ ಹೆರ್ದಿಸ್. ಬಟನ್ ಒತ್ತಿ ಒತ್ತಿ ಕೂಗಿದೆ. ಅವನು ಬಿಡ್ಲೇ ಇಲ್ಲ."

"ನಾನೂ ಒತ್ತಿ ಹಿಡಿದಿದ್ದೆ," ಎಂದಳು ಹೆರ್ದಿಸ್. ಈಗ ತೊಳೆಯುವುದು ನಿಂತಿತ್ತು. "ಇದೇ ಜಾಗದಲ್ಲಿ ನಿಂತು. ಎರಡು ಕೈಯಲ್ಲೂ ಒತ್ತಿದ್ದೆ, ಎರಡು ಕೈಯಲ್ಲಿ ಒತ್ತಿದ್ರೆ ಜಾಸ್ತಿ ಕೇಳುತ್ತೆ ಅನ್ನೋ ಹಾಗೆ. ಕೌರಿ ಇನ್ನೂ ಹಗ್ಗದಲ್ಲಿದ್ದಾನೆ ಅಂತ ನನಗೆ ಗೊತ್ತಿತ್ತು. ಮಗಳು ನಿನ್ನ ಹೆಸರು ಕೇಳಿ, ಅತ್ತೆ ಬಂದ್ಳು ಅಂತ ಚಪ್ಪಾಳೆ ತಟ್ತಾ ಇದ್ಳು. ಸುಮ್ನಿರು ಅಂತ ಕೆನ್ನೆಗೆ ಹೊಡೆದೆ. ಮೊದಲನೇ ಸಲ ಹೊಡೆದಿದ್ದು."

ಬಂಡೆಯ ಬುಡದಲ್ಲಿ ನಾನು, ಅಡುಗೆಮನೆಯಲ್ಲಿ ಇವಳು, ಇಬ್ಬರೂ ಒಂದೇ ಮನುಷ್ಯನಿಗಾಗಿ ಒಂದೇ ಹೊತ್ತಿನಲ್ಲಿ ಒಂದೇ ಬಟನ್ನನ್ನು ಒತ್ತಿ ಕಿರುಚಿದ್ದೆವು.

"ಅಪ್ಪನಿಗೆ?" ಎಂದು ಕೇಳಿದೆ.

"ಬಯಲಿನಿಂದ ಮನೆಗೆ ಬರ್ತಾನೇ ಹೇಳ್ದೆ. ಆ ಕ್ಯಾಪ್ಟನ್ ಬರೋದಕ್ಕೆ ಮೊದಲೇ. ಅವರು ಊರಿನವರನ್ನೆಲ್ಲ ಮನೆಮನೆಗೆ ಹೋಗಿ ನೋಡಿ ಬಂದ್ರು. ಏನು ಹೇಳಿದ್ರೋ ನಾನು ಕೇಳಿಲ್ಲ. ನನಗೆ ಹೇಳಿದ್ದು ಇಷ್ಟೇ. ಎರಡು ಮಕ್ಕಳಲ್ಲಿ ಒಂದು ಹೋಯ್ತು, ಇನ್ನೊಂದನ್ನ ಊರ ಬಾಯಿಗೆ ಕೊಡೋಕಾಗಲ್ಲ ಅಂದ್ರು."

"ನಾನೇ ಅವರ ಹತ್ರ ಹೇಳ್ತೀನಿ. ಒಪ್ಕೋತೀನಿ."

"ಬೇಡ," ಎಂದಳು ತಕ್ಷಣ. "ನೀನು ಹೇಳಿದ್ರೆ ಅವರು ನಿನ್ನ ಮೇಲೆ ಸಿಟ್ಟು ಮಾಡ್ಬೇಕಾಗುತ್ತೆ. ಆ ಶಕ್ತಿ ಅವರಲ್ಲಿ ಉಳಿದಿಲ್ಲ ಸ್ವಾನಾ. ಅವರ ಮುಂದೆ ಇದನ್ನ ಎತ್ತಬೇಡ."

"ಮತ್ತೆ ನೀನು? ನನ್ನನ್ನ ಕ್ಷಮಿಸಿದ್ಯಾ?"

"ಇಲ್ಲ," ಎಂದಳು, ಮನೆಯಲ್ಲಿ ಹಾಲಿಲ್ಲ ಎನ್ನುವ ಹಾಗೆ. "ಆ ತಟ್ಟೆ ಒರೆಸು."

ಒರೆಸಿದೆ. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದು ಮನೆಯಿಂದ ಹೊರಗೆ ಹಾಕಿದ್ದರೆ ಫೆರಿ ಹತ್ತಿ ಹೋಗಿ ಎಲ್ಲೋ ಕೂತು ಅಳುತ್ತಿದ್ದೆ. ಊರಿಗೆ ಊರೇ ಸೇರಿ ನನ್ನ ತಪ್ಪನ್ನು ನನ್ನ ಕೈಯಿಂದ ಕಿತ್ತುಕೊಂಡು ದಾರಿಹೋಕನೊಬ್ಬನ ತಲೆಗೆ ಕಟ್ಟಿತ್ತು. ಅದನ್ನು ವಾಪಸು ಕೇಳುವ ಹಕ್ಕು ನನಗಿರಲಿಲ್ಲ.

ಬಾಗಿಲು ತೆರೆದು ಅಪ್ಪ ಒಳಗೆ ಬಂದರು. ಬೂಟು ಬಿಚ್ಚಿ, ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಎರಡು ಕೈಯನ್ನೂ ಮೇಜಿನ ಮೇಲಿಟ್ಟರು. ಹೆರ್ದಿಸ್ ಕಾಫಿ ಇಟ್ಟಳು. ಅವರು ಅದನ್ನು ಮುಟ್ಟದೆ ನನ್ನ ಮುಖ ನೋಡಿದರು. ನಾನು ಅತ್ತಿದ್ದು, ಹೆರ್ದಿಸ್‌ಳ ಬೆನ್ನು, ಎರಡನ್ನೂ ನೋಡಿ ಅವರಿಗೆ ಏನು ಮಾತಾಯಿತು ಎಂದು ತಿಳಿದಿರಬೇಕು.

"ಪರದೇಶದವರು," ಎಂದರು ಅಪ್ಪ, ನಿಧಾನವಾಗಿ, ಮಗುವಿಗೆ ಪಾಠ ಹೇಳಿಕೊಡುವವರ ಹಾಗೆ. "ಅವರಿಗೆ ಹೇಗೆ ಗೊತ್ತಾಗ್ಬೇಕು. ಅಲ್ವೇನಮ್ಮಾ?"

ಉತ್ತರ ಬರುವವರೆಗೆ ಅವರು ಕಾಫಿ ಮುಟ್ಟುವುದಿಲ್ಲ ಎಂದು ಗೊತ್ತಾಯಿತು.

"ಹೌದಪ್ಪ," ಎಂದೆ. "ಅವರಿಗೆ ಹೇಗೆ ಗೊತ್ತಾಗ್ಬೇಕು."

ಅಪ್ಪ ತಲೆಯಾಡಿಸಿ ಲೋಟ ಎತ್ತಿಕೊಂಡರು.